ಗುಂಪಿನಲ್ಲಿ ಬರುವ ಮಗ್ಗಿ

ನಿಮಗೆ ಏಳನೇ ಮಗ್ಗಿ ಬರುತ್ತದೆಯೇ? ಬರುತ್ತದೆ ಎನ್ನುತ್ತೀರಿ. ಪುಟ್ಟತಾಯಿಗೂ ಬರುತ್ತದೆ ಎಂದೇ ನಂಬಿದ್ದೆ, ಈ ಸೋಮವಾರದ ಸಂಜೆಯವರೆಗೆ.

ಮಂಡ್ಯದ ನಮ್ಮ ಮನೆಯ ಜಗಲಿಯಲ್ಲಿ, ಲೆಕ್ಕ ತಲೆಗೆ ಹತ್ತದ ಮಕ್ಕಳಿಗೆ ನಾನು ಪಾಠ ಹೇಳುವುದು ನಿಮಗೆ ಗೊತ್ತೇ ಇದೆ. (ನಮ್ಮ ಯಜಮಾನರು ಅದನ್ನು 'ನಿನ್ನ ಕಾಲೇಜು' ಎನ್ನುತ್ತಾರೆ. ಅನ್ನಲಿ!) ಯುದ್ಧದಿಂದಾಗಿ ಸೀಮೆಎಣ್ಣೆ ಸಿಗುವುದಿಲ್ಲ, ಬೆಳಕಿರುವಾಗಲೇ ಪಾಠ ಮುಗಿಯಬೇಕು. ಪುಟ್ಟತಾಯಿ ಮೂರನೇ ಕ್ಲಾಸು. ಎಲ್ಲರ ಜೊತೆ ತಲೆಯಾಡಿಸುತ್ತಾ ಮಗ್ಗಿ ಒಪ್ಪಿಸುವ ಹುಡುಗಿ.

ಸೋಮವಾರ ಉಳಿದವರೆಲ್ಲ ಮದ್ದೂರಿಗೆ ಮದುವೆಗೆ ಹೋಗಿದ್ದರು. ಇವಳೊಬ್ಬಳೇ ಬಂದಳು. ಮಗ್ಗಿ ಹೇಳು ಎಂದೆ.

"ಏಳೊಂದ್ಲಿ ಏಳು..."

ಅಷ್ಟೇ. ತುಟಿ ಅಲ್ಲಾಡುತ್ತಿದೆ, ದನಿಯಿಲ್ಲ. ನಾನೂ ಜೊತೆಗೂಡಿದೆ. ಸರಾಗವಾಗಿ ಬಂತು! ನಾನು ಬಾಯಿ ಮುಚ್ಚಿದೆ. ಅವಳದೂ ನಿಂತಿತು.

ಇಷ್ಟು ದಿನ ಪಕ್ಕದವರ ಬಾಯಿಂದ ಬಂದದ್ದನ್ನೇ ಹಿಡಿದು ಹೇಳುತ್ತಿದ್ದಾಳೆ! ಸ್ಕೂಲಿನಲ್ಲಿ ಮೇಷ್ಟ್ರು ಒಪ್ಪಿಸಿಕೊಳ್ಳುವುದೂ ಗುಂಪಿನಲ್ಲೇ. ಆದರೆ ಶುಕ್ರವಾರ ಪರೀಕ್ಷೆಗೆ ಬರುವ ಇನ್‌ಸ್ಪೆಕ್ಟರು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತಾರೆ.

ಅವಳಪ್ಪ ಚಿಕ್ಕೇಗೌಡರು ಕಬ್ಬಿನ ಗಾಡಿ ನಿಲ್ಲಿಸಿ ಮೊದಲೇ ಹೇಳಿದ್ದರು: "ನೋಡಿ ಅಮ್ಮಾವ್ರೆ, ಈ ಸಲ ಪಾಸಾಗ್ನಿಲ್ಲ ಅಂದ್ರೆ ಸ್ಕೂಲ್ ಬುಡುಸ್ಬುಡ್ತೀನಿ. ಮನೇಲಿ ಕೂಸ್ ನೋಡ್ಕಳಕ್ಕೆ ಯಾರವ್ರೆ?"

"ಇವಳಣ್ಣ ಹೋದ ವರ್ಷ ಫೇಲಾದನಲ್ಲ, ಗೌಡರೇ?"

"ಅವ್ನು ಗಂಡುಡ್ಗ. ಇನ್ನೊಂದ್ ವರ್ಸ ಕೂತ್ಕತಾನೆ, ಬುಡಿ."



ಆ ಸೋಮವಾರದಿಂದ ಪುಟ್ಟತಾಯಿಯೂ ನಾನೂ ರಾಗ ಬಿಟ್ಟೆವು. ಹುಣಿಸೇಬೀಜ ಏಳೇಳರ ಸಾಲು ಜೋಡಿಸಿ ಎಣಿಸಿದೆವು, ಮತ್ತೆ ಎಣಿಸಿದೆವು. ಇವತ್ತು, ಗುರುವಾರ, ಏಳೈದ್ಲಿ ಮೂವತ್ತೈದರವರೆಗೆ ಒಬ್ಬಳೇ ಬಂದಳು. ಏಳಾರ್ಲಿಗೆ ಬಂದು ನನ್ನ ಬಾಯಿ ನೋಡುತ್ತಾಳೆ. ಅವಳಿಗಿಂತ ನನಗೇ ಭಯ.

ಹೊರಟವಳು ಮೆಟ್ಟಿಲಿಳಿದು ತಿರುಗಿದಳು. "ಅಮ್ಮಾವ್ರೆ, ನಾಳೀಕೆ ನೀವೂ ಬಂದು ಕಿಟ್ಕಿತಾವ್ ನಿಂತ್ಕಂಡು ಮೆಲ್ಲುಗ್ ಯೋಳ್ತೀರಾ?"

"ಇಲ್ಲಮ್ಮ, ನೀನೊಬ್ಬಳೇ ಹೇಳಬೇಕು" ಎಂದೆ.

ನೀವಿದನ್ನು ಓದುವ ಹೊತ್ತಿಗೆ ಅವಳ ಪರೀಕ್ಷೆ ಮುಗಿದಿರುತ್ತದೆ. ಏಳಾರ್ಲಿ ನಲವತ್ತೆರಡು ಎಂದು ಅವಳು ಒಬ್ಬಳೇ ನಿಂತು ಹೇಳಬೇಕು. ತಪ್ಪಿದರೆ ಮಾತ್ರ, ಇಡೀ ಬೀದಿ ಒಟ್ಟಿಗೆ ಒಪ್ಪಿಸಲು ಕಾದಿದೆ: "ಎಣ್ಮಗೀಗ್ ಯಾಕ್ ಲೆಕ್ಕ?"