ನನ್ನ ಪಿಎಸ್‌ಎ, ನೆಂಟರ ತೀರ್ಪು

ಹೊಸದುರ್ಗದಲ್ಲಿ ಮೇಷ್ಟ್ರಾಗಿ ನಿವೃತ್ತನಾದ ಮೇಲೆ ನನ್ನ ಮಾತು ಕೇಳುವುದನ್ನು ಮೊದಲು ಬಿಟ್ಟಿದ್ದು ಮೂತ್ರ. ಹೋಗಿ ನಿಂತರೆ ಬರುತ್ತಿರಲಿಲ್ಲ, ಬಂದರೆ ಉರಿ. ಊರಿನ ಡಾಕ್ಟರು ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಪಿಎಸ್‌ಎ ಹನ್ನೊಂದು ಬಂತು. ನಾಲ್ಕರೊಳಗೆ ಇರಬೇಕಿತ್ತೆಂದು ಪಕ್ಕದಲ್ಲೇ ಅಚ್ಚಾಗಿತ್ತು. ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಸೇರುವ ಪ್ರೋಟೀನಿನ ಅಳತೆ ಅದು ಎಂದು ನನಗಾಗ ಗೊತ್ತಿರಲಿಲ್ಲ.

ಗೊತ್ತಿಲ್ಲದಿದ್ದುದು ನನಗೊಬ್ಬನಿಗೇ. ಹೊಳಲ್ಕೆರೆಯಲ್ಲಿ ಗೊಬ್ಬರದಂಗಡಿ ಇಟ್ಟಿರುವ ನನ್ನ ಹೆಂಡತಿಯ ತಮ್ಮನಿಗೆ ಎಲ್ಲ ಗೊತ್ತಿತ್ತು. ರೈತರು ತಂದ ಎಲೆ ನೋಡಿ ರೋಗ ಹೇಳುವವನಿಗೆ ಭಾವನ ರಿಪೋರ್ಟು ಯಾವ ಮಹಾ? ಮೊಬೈಲಿನಲ್ಲಿ ಒಂದೆರಡು ವಿಡಿಯೋ ನೋಡಿಕೊಂಡು ಮಧ್ಯಾಹ್ನಕ್ಕೇ ಬಂದ.

“ಭಾವ, ನಾಲ್ಕಿರಬೇಕಾದ್ದು ಹನ್ನೊಂದೈತೆ. ಅಂದ್ರೆ ಮೂರು ಪಾಲು ಕ್ಯಾನ್ಸರ್. ದೊಡ್ಡಾಸ್ಪತ್ರೆಗೆ ಹೋಗಿ ತೆಗೆಸಿಬಿಡಾಣ ನಡೀರಿ.”

ಹೆಂಡತಿ ಅಳಲಿಲ್ಲ. ನನ್ನ ಕಾಫಿಗೆ ಸಕ್ಕರೆ ಜಾಸ್ತಿ ಹಾಕಿದಳು. ವರ್ಷಗಟ್ಟಲೆ ಬೇಡಿದರೂ ಸಿಗದಿದ್ದ ಸಕ್ಕರೆ ಕೇಳದೆಯೇ ಸಿಕ್ಕಾಗ ನನಗೆ ನಿಜವಾಗಿ ಭಯವಾಯಿತು.

ಚಿತ್ರದುರ್ಗದ ಮೂತ್ರರೋಗ ತಜ್ಞರು ರಿಪೋರ್ಟು ನೋಡಿ, ಗಾಬರಿಯಾಗದೆ, ಜೊತೆಗೆ ಬಂದಿದ್ದ ಭಾವಮೈದುನನಿಗೆ ನಿರಾಸೆ ಮಾಡಿದರು.

“ಗ್ರಂಥಿ ದಪ್ಪ ಆದ್ರೂ ಇದು ಏರುತ್ತೆ, ಸೋಂಕಿದ್ರೂ ಏರುತ್ತೆ. ನಿಮಗೆ ಉರಿ ಬೇರೆ ಐತೆ. ಮೊದ್ಲು ಅದು ವಾಸಿಯಾಗ್ಲಿ, ಆಮೇಲೆ ಇನ್ನೊಂದ್ಸಲ ನೋಡಾಣ.”

“ಅಷ್ಟರಲ್ಲಿ ಹರಡಿಬಿಟ್ರೆ?” ಎಂದ ಭಾವಮೈದುನ.

“ತಾವು ಯಾವ ಆಸ್ಪತ್ರೇಲಿ ಡಾಕ್ಟ್ರು?” ಎಂದು ಅವರು ಬಹಳ ಗೌರವದಿಂದ ಕೇಳಿದರು.

ಸೋಂಕಿಗೆ ಕೊಟ್ಟ ಮಾತ್ರೆ ಮುಗಿಸಿ, ಕೆಲವು ವಾರ ಬಿಟ್ಟು ನೋಡಿದರೆ ಪಿಎಸ್‌ಎ ಏಳಕ್ಕೆ ಇಳಿದಿತ್ತು. ಇಳಿದದ್ದು ನಿಜ, ಆದರೆ ನಾಲ್ಕಾಗಿರಲಿಲ್ಲ. ಸ್ಕ್ಯಾನಿನಲ್ಲಿ ಅನುಮಾನದ ಒಂದು ಚುಕ್ಕೆ ಕಂಡಿತು. ಸೂಜಿ ಹಾಕಿ ಚೂರು ತೆಗೆದು ಪರೀಕ್ಷಿಸಿದರು. ಕ್ಯಾನ್ಸರ್ ಇತ್ತು. ತೀರಾ ಸಣ್ಣದು, ನಿಧಾನವಾಗಿ ಬೆಳೆಯುವಂಥದು. ಈಗಲೇ ಆಪರೇಷನ್ ಬೇಡ, ಆಗಾಗ ಪರೀಕ್ಷೆ ಮಾಡುತ್ತ ಕಣ್ಣಿಟ್ಟಿರೋಣ ಎಂದರು.

ಭಾವಮೈದುನನಿಗೆ ಇದನ್ನು ಸಹಿಸಲಾಗಲಿಲ್ಲ. ಅವನು ಹೇಳಿದ ರೋಗವೇ ಬಂದಿತ್ತು, ಆದರೆ ದೊಡ್ಡಾಸ್ಪತ್ರೆ, ಆಪರೇಷನ್ ಎಂದು ಓಡಾಡಲು ಅವನಿಗೆ ಅವಕಾಶವಿಲ್ಲ. “ಕ್ಯಾನ್ಸರ್ ಐತಂತೆ, ಏನೂ ಮಾಡಲ್ವಂತೆ” ಎಂದು ಗೊಬ್ಬರಕ್ಕೆ ಬಂದವರಿಗೆಲ್ಲ ಹೇಳಿದ. ಹಿರಿಯೂರಿನ ನೆಂಟರು ಸೇಬು ಹಿಡಿದು ಬಂದರು. ನಾನೇ ಎದ್ದು ಬಾಗಿಲು ತೆಗೆದದ್ದು ಅವರಿಗೆ ಅಷ್ಟು ಸರಿಬರಲಿಲ್ಲ.

ಈಗಲೂ ಪರೀಕ್ಷೆಗೆ ರಕ್ತ ಕೊಟ್ಟು ಬಂದ ದಿನ ನನಗೆ ಊಟ ಸೇರುವುದಿಲ್ಲ. ಮೊನ್ನೆ ತಟ್ಟೆ ಮುಂದೆ ಸುಮ್ಮನೆ ಕೂತಿದ್ದೆ.

“ರೀ, ಕಣ್ಣಿಡ್ತೀನಿ ಅಂತ ಡಾಕ್ಟ್ರು ಅಂದಾರಲ್ಲ. ನೀವ್ಯಾಕೆ ಕಾವಲು ಕುಂತೀರಿ? ಉಣ್ರಿ” ಎಂದಳು ಹೆಂಡತಿ.

ಮುದ್ದೆ ಆರುತ್ತಿತ್ತು. ಉಂಡೆ.