ಮೀನಿನ ವಾಸನೆಯಿಲ್ಲದ ಸರ್ಟಿಫಿಕೇಟು

ಈ ಜನ್ಮದಲ್ಲಿ ಆಗುವ ಕೆಲಸ ಅಲ್ಲ ಎಂದು ನನ್ನ ಬಗ್ಗೆ ಹೇಳಿದವರು ನರಿಕೊಂಬಿನ ನನ್ನ ಸೋದರಮಾವ. ಅದೂ ಎರಡು ಕೆಲಸಗಳ ಬಗ್ಗೆ ಒಟ್ಟಿಗೇ ಹೇಳಿದ್ದರು. "ಇವಳಿಂದ ಡಿಗ್ರಿಯೂ ಆಗುವುದಿಲ್ಲ, ಮುಳುಗೂ ಆಗುವುದಿಲ್ಲ." ಆಗ ನನಗೆ ಒಂಬತ್ತು ವರ್ಷ.

ಆ ಮಾತು ಈಗ ನೆನಪಾದದ್ದು ಒಂದು ವಾಸನೆಯಿಂದ. ಮೊನ್ನೆ ಆದಿತ್ಯವಾರ ಬೆಳಿಗ್ಗೆ ಅಂಗಳದ ಹಗ್ಗದಲ್ಲಿ ನನ್ನ ನೀರಿನ ಉಡುಪನ್ನು ಒಣಗಲು ಹಾಕಿದ್ದೆ. ಕುತ್ತಿಗೆಯಿಂದ ಕಾಲಿನವರೆಗೆ ಮೈಗೆ ಅಂಟಿ ಕೂರುವ ಕಪ್ಪು ರಬ್ಬರಿನ ಅಂಗಿ ಅದು. ಹಾಲು ತರುವ ಲಲಿತಕ್ಕ ಗೇಟಿನಲ್ಲೇ ನಿಂತು ಮೂಗು ಮುಚ್ಚಿಕೊಂಡರು.

"ಟೀಚರೇ, ನೀವು ಸಹ ರಬ್ಬರ್ ಶೀಟ್ ಮಾಡ್ಲಿಕ್ಕೆ ಶುರು ಮಾಡಿದ್ದಾ? ಮರ ಎಲ್ಲಿ ಉಂಟು?"

"ಶೀಟ್ ಅಲ್ಲ ಲಲಿತಕ್ಕ, ಅಂಗಿ. ನಾನು ಹಾಕುವುದು."

ಅವರು ಒಮ್ಮೆ ಅಂಗಿಯನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. "ಶಾಲೆಗೆ ಹಾಕ್ಬೇಡಿ, ಆಯ್ತಾ," ಎಂದು ಹಾಲು ಇಟ್ಟು ಹೋದರು.

ಡಿಗ್ರಿಯ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ನಾನು ಗಣಿತದ ಟೀಚರು, ನಡುವಿನ ಹಂತ ಬಿಟ್ಟರೆ ನನಗೆ ಸಮಾಧಾನವಿಲ್ಲ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಹತ್ತನೇ ತರಗತಿ ದಾಟಿದವರು ಯಾರೂ ಇಲ್ಲ. ಅಪ್ಪ ಮುಂಬಯಿಯ ಹೋಟೆಲಿಗೆ ಹೋದವರು ಹೋಟೆಲಿನವರೇ ಆಗಿಹೋದರು. ಅಮ್ಮ ಬೀಡಿ ಕಟ್ಟುತ್ತಿದ್ದಳು, ಜೊತೆಗೆ ನಾನೂ ಕಟ್ಟುತ್ತಿದ್ದೆ. ಪುಸ್ತಕವನ್ನು ಗೋಡೆಗೆ ಒರಗಿಸಿಟ್ಟು, ಮಡಿಲಿನ ಮೊರದಲ್ಲಿ ಎಲೆ ಸುತ್ತುತ್ತಾ ಓದಿದವಳು ನಾನು. ಈಗಲೂ ತ್ರಿಕೋನಮಿತಿ ಎಂದರೆ ನನಗೆ ಹೊಗೆಸೊಪ್ಪಿನ ಘಾಟು ಹೊಡೆಯುತ್ತದೆ. ಉಜಿರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುವಾಗಲೂ ರಜೆ ಸಿಕ್ಕಿದರೆ ಮನೆಗೆ ಬಂದು ಮೊರ ಹಿಡಿಯುತ್ತಿದ್ದೆ. ಹಾಗೆ ಆದ ಡಿಗ್ರಿ ಅದು. ಯಾರಾದರೂ "ಬರೇ ಡಿಗ್ರಿಯಾ?" ಎಂದು ಕೇಳಿದರೆ ನಾನು ಉತ್ತರ ಕೊಡುವುದಿಲ್ಲ, ಅವರ ಬೆರಳುಗಳನ್ನು ನೋಡುತ್ತೇನೆ.

ಸರ್ಟಿಫಿಕೇಟು ಬಂದ ದಿನ ಮೊದಲು ಮಾವನ ಕೈಗೆ ಕೊಟ್ಟೆ. ನಮ್ಮಲ್ಲಿ ಸೋದರಮಾವ ಎಂದರೆ ಅಪ್ಪನಿಗಿಂತ ಒಂದು ಹಿಡಿ ಜಾಸ್ತಿ. ಮಾವನಿಗೆ ಓದಲು ಬರುವುದಿಲ್ಲ. ಆದರೆ ಅವರಿಗೆ ಒಂದು ಅಭ್ಯಾಸ ಉಂಟು. ಮೀನಾಗಲಿ, ಅಕ್ಕಿಯಾಗಲಿ, ಮದುವೆಯ ಕಾಗದವಾಗಲಿ, ಕೈಗೆ ಬಂದದ್ದನ್ನು ಮೂಸಿ ನೋಡಿಯೇ ಒಳಗೆ ಸೇರಿಸುವುದು. ಸರ್ಟಿಫಿಕೇಟನ್ನೂ ಮೂಸಿದರು.

"ಬೀಡಿಯ ವಾಸನೆ ಉಂಟು. ಹಾಗಾದ್ರೆ ಇದು ನಿಜ," ಎಂದರು. ತಾವೇ ಮೊಳೆ ಹೊಡೆದು ಗೋಡೆಗೆ ತೂಗುಹಾಕಿದರು. ಕೆಳಗಿಳಿದು ಕೈ ಕೊಡವಿಕೊಂಡು, "ಒಂದಾಯ್ತು. ಇನ್ನೊಂದು ಬಾಕಿ ಉಂಟು," ಎಂದರು.

ಆ ಇನ್ನೊಂದು ಏಕೆ ಬಾಕಿಯಿತ್ತು ಎಂದರೆ, ಮಾವ ನೇತ್ರಾವತಿ ನದಿಯಲ್ಲಿ ಹೊಯಿಗೆ, ಅಂದರೆ ಮರಳು, ತೆಗೆಯುವವರಾಗಿದ್ದರು. ದೋಣಿಯ ಪಕ್ಕ ತಳಕ್ಕೆ ಬಿದಿರು ಊರುವುದು, ಅದನ್ನು ಹಿಡಿದು ಇಳಿಯುವುದು, ಬಕೆಟಿನಲ್ಲಿ ಹೊಯಿಗೆ ತುಂಬಿ ಮೇಲೆ ಬರುವುದು, ಉಸಿರು ಎಳೆದು ಮತ್ತೆ ಇಳಿಯುವುದು. ದೋಣಿ ತುಂಬುವವರೆಗೆ ಇದೇ ಕೆಲಸ. ಒಮ್ಮೆ ನಾನು ಆ ದೋಣಿಯಿಂದ ಜಾರಿ ಬಿದ್ದೆ. ಮಾವ ಜಡೆ ಹಿಡಿದು ಎತ್ತಿದರು. ಮುಳುಗಿದ್ದು ಒಂದು ಗಳಿಗೆ, ಅತ್ತದ್ದು ಸಂಜೆಯವರೆಗೆ. ನಾನು ಮೊದಲು ಹೇಳಿದ ಆ ಭವಿಷ್ಯವನ್ನು ಮಾವ ನುಡಿದದ್ದು ಆ ಸಂಜೆಯೇ. ನೀರಿಗೆ ಹೆದರಿ ಅತ್ತ ಹುಡುಗಿ ಓದಿಗೂ ಹೆದರುತ್ತಾಳೆ ಎನ್ನುವುದು ಅವರ ಲೆಕ್ಕ. ಲೆಕ್ಕದಲ್ಲಿ ತಪ್ಪುಂಟು, ಆದರೆ ಒಂಬತ್ತು ವರ್ಷದವಳು ಮಾವನ ಉತ್ತರಪತ್ರಿಕೆ ತಿದ್ದಲು ಆಗುತ್ತದೆಯೇ?

ಮಾವನಿಗೆ ಎಡಗಿವಿ ಕೇಳುವುದಿಲ್ಲ. "ಅದನ್ನು ನದಿಗೆ ಬಿಟ್ಟುಕೊಟ್ಟಿದ್ದೇನೆ," ಎನ್ನುತ್ತಾರೆ. ಅತ್ತೆ ಬೈಯಲು ಶುರು ಮಾಡಿದರೆ ಎಡಗಿವಿಯನ್ನು ಅವರ ಕಡೆಗೆ ತಿರುಗಿಸಿ ಕೂರುತ್ತಾರೆ. ಮಾವನ ದೋಣಿಯವರೆಲ್ಲ ಹಾಗೆಯೇ, ಒಬ್ಬೊಬ್ಬರಿಗೆ ಒಂದೊಂದು ಕಿವಿ ಕೇಳುತ್ತಿರಲಿಲ್ಲ. ಚಾದ ಹೋಟೆಲಿನಲ್ಲಿ ಬೆಂಚಿಗೆ ಕೂರುವ ಮೊದಲು ಯಾರ ಯಾವ ಕಿವಿ ಕೇಳುತ್ತದೆ ಎಂದು ನೋಡಿ ಜಾಗ ಬದಲಿಸಿಕೊಳ್ಳುತ್ತಿದ್ದರು. ಚಿಕ್ಕವಳಿದ್ದಾಗ ನನಗೆ ಅದು ಒಂದು ಆಟದ ಹಾಗೆ ಕಾಣುತ್ತಿತ್ತು.

ಮೂಡುಬಿದಿರೆಯ ಶಾಲೆಗೆ ಸೇರಿ, ವರ್ಷಗಳು ಕಳೆದು, ನಲವತ್ತು ದಾಟಿದ ಮೇಲೆ ಶಾಲೆಯ ಟೀಚರುಗಳೆಲ್ಲ ಮುರುಡೇಶ್ವರಕ್ಕೆ ಟೂರು ಹೋದೆವು. ಅಲ್ಲಿಂದ ದೋಣಿಯಲ್ಲಿ ದ್ವೀಪದ ಹತ್ತಿರ ಕರೆದುಕೊಂಡು ಹೋಗಿ ಸ್ಕೂಬಾ ಮಾಡಿಸುತ್ತಾರೆ. ಉಳಿದವರು ಐಸ್‌ಕ್ರೀಮಿಗೆ ಹೋದರು, ನಾನು ಸಮುದ್ರಕ್ಕೆ ಹೋದೆ. ಬೆನ್ನಿಗೆ ಗಾಳಿಯ ಸಿಲಿಂಡರು, ಬಾಯಲ್ಲಿ ಕೊಳವೆ. ಕೆಳಗೆ ಹೋದರೆ, ಓದುಗರೇ, ನೀಲಿ ಮೀನುಗಳು ಸ್ಟಾಫ್ ರೂಮಿನ ಹಾಗೆ ಗುಂಪುಕಟ್ಟಿ ನನ್ನನ್ನು ನೋಡಿ ಏನೋ ಮಾತಾಡಿಕೊಂಡವು. ಅಲ್ಲಿ ಗಂಟೆ ಇಲ್ಲ, "ಟೀಚರೇ" ಇಲ್ಲ. ಮರುವರ್ಷ ಮತ್ತೆ ಹೋಗಿ ಪೂರ್ತಿ ಕೋರ್ಸು ಮಾಡಿ ಕಾರ್ಡು ತಂದೆ. ಮನೆಗೆ ಬಂದವಳೇ ಡಿಗ್ರಿಯ ಪಕ್ಕ ಮೊಳೆ ಹೊಡೆದು, ಆಮೇಲೆ ಮಾವನ ಹತ್ತಿರ ಹೋದೆ.

ಮಾವ ಮೂಸಿದರು. "ಪ್ಲಾಸ್ಟಿಕ್."

"ಕಾರ್ಡು ಹಾಗೆಯೇ ಬರುವುದು ಮಾವ."

"ಉಸಿರು ನಿನ್ನದಾ, ಸಿಲಿಂಡರಿದ್ದಾ?"

"ಸಿಲಿಂಡರಿದ್ದು."

"ಹಾಗಾದ್ರೆ ಕಾರ್ಡು ಸಿಲಿಂಡರಿಗೆ ಕೊಡ್ಬೇಕಿತ್ತು."

ಮೊಳೆ ಖಾಲಿ ಉಳಿಯಿತು. ಬೆಳಿಗ್ಗೆ ಚಾ ಕುಡಿಯುವಾಗ ಅದು ಸರಿಯಾಗಿ ನನ್ನ ಕಣ್ಣಿನ ನೇರಕ್ಕೆ ಬರುತ್ತಿತ್ತು. ಡಿಗ್ರಿಗಾಗಿ ಪಟ್ಟ ಪಾಡನ್ನೆಲ್ಲ ನೋಡಿ ಒಂದು ಖಾಲಿ ಮೊಳೆ ಪಕ್ಕದಲ್ಲಿ ನಿಂತು ನಗಾಡಿದರೆ ಯಾರಿಗೆ ಸಹನೆಯಾಗುತ್ತದೆ?

ಸಿಲಿಂಡರಿಲ್ಲದೆ, ಒಂದೇ ಉಸಿರಿನಲ್ಲಿ ಮುಳುಗುವುದಕ್ಕೆ ಫ್ರೀಡೈವಿಂಗ್ ಎನ್ನುತ್ತಾರೆ ಎಂದು ಗೊತ್ತಾಯಿತು. ಹಾಗೆ ಮುಳುಗಿ ಈಟಿಯಿಂದ ಮೀನು ಹಿಡಿಯುವವರ ವಿಡಿಯೋಗಳನ್ನೂ ನೋಡಿದೆ. ಉಸಿರು ಕಟ್ಟುವುದನ್ನು ಒಣನೆಲದಲ್ಲೇ ಅಭ್ಯಾಸ ಮಾಡಬಹುದು ಎಂದಿದ್ದರಿಂದ ಬಸ್ಸಿನಲ್ಲಿ ಶುರು ಮಾಡಿದೆ. ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಬರುವಾಗ ಕಂಡಕ್ಟರು ಬಂದು "ಎಲ್ಲಿಗೆ?" ಎಂದರು. ನನ್ನದು ಅರ್ಧ ಉಸಿರು ಮುಗಿದಿತ್ತು. ಸ್ವಲ್ಪ ನಿಲ್ಲಿ ಎಂದು ಬೆರಳೆತ್ತಿದೆ. ಅವರು ನನ್ನ ಉಬ್ಬಿದ ಕೆನ್ನೆ ನೋಡಿ ವಾಂತಿ ಎಂದು ತಿಳಿದು ಸಿದ್ಧಕಟ್ಟೆಯಲ್ಲಿ ಬಸ್ಸು ನಿಲ್ಲಿಸಿ, "ಇಳೀರಿ ಅಕ್ಕ, ಸಾವಕಾಶ ಮಾಡಿ ಬನ್ನಿ," ಎಂದರು. ಬಸ್ಸಿಡೀ ನನ್ನನ್ನೇ ನೋಡುತ್ತಿತ್ತು. ಇಳಿದೆ. ರಸ್ತೆ ಬದಿಯಲ್ಲಿ ನಿಂತು ಉಸಿರು ಬಿಟ್ಟೆ. ಹತ್ತಿದಾಗ ಒಬ್ಬರು ಅಜ್ಜಿ ಲಿಂಬೆಹಣ್ಣು ಕೊಟ್ಟರು.

ಶಾಲೆಯ ಮೀಟಿಂಗಿನಲ್ಲಿ ಇನ್ನೂ ಕಷ್ಟವಾಯಿತು. ಹೆಡ್‌ಮಾಸ್ಟರರು ಫಲಿತಾಂಶದ ಬಗ್ಗೆ ಮಾತಾಡುತ್ತಿದ್ದಾಗ ನಾನು ಕಣ್ಣುಮುಚ್ಚಿ ಉಸಿರು ಕಟ್ಟಿ ಕೂತಿದ್ದೆ. ಅವರು ಮಾತು ನಿಲ್ಲಿಸಿದರು. "ಮೇಡಂ, ನಿಮ್ಮ ಸಬ್ಜೆಕ್ಟಿನದ್ದು ಇನ್ನೂ ಹೇಳ್ಲಿಲ್ಲ. ಈಗಲೇ ಹೀಗಾದರೆ ಹೇಗೆ?"

ಬೇಸಿಗೆ ರಜೆಯಲ್ಲಿ ಅಂಡಮಾನಿಗೆ ಹೋಗಿ ಕೋರ್ಸು ಮಾಡಿದೆ. ಕಲಿಸಿದವಳು ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ. ಸ್ಕೂಬಾದ ಮೊದಲ ನಿಯಮವೇ ಉಸಿರು ಕಟ್ಟಬಾರದು ಎಂಬುದು. ಇಲ್ಲಿ ಮೊದಲ ಕೆಲಸವೇ ಉಸಿರು ಕಟ್ಟುವುದು. ಆ ಹಳೆಯ ಪಾಠ ಮೈಯಲ್ಲಿ ಕೂತುಬಿಟ್ಟಿತ್ತು. ತಲೆಕೆಳಗಾಗಿ ಇಳಿಯುವಾಗಲೆಲ್ಲ ನನಗೆ ಗೊತ್ತಿಲ್ಲದೆ ಗುಳುಗುಳು ಗುಳ್ಳೆ ಬಿಡುತ್ತಿದ್ದೆ. ಹುಡುಗಿ ಪ್ರತಿ ಸಲ ಮೇಲೆ ಬಂದು, "ಆಂಟಿ, ಅದು ನಿಮ್ಮದೇ ಗಾಳಿ, ಯಾಕೆ ದಾನ ಮಾಡ್ತೀರಿ?" ಎಂದು ಹಿಂದಿಯಲ್ಲಿ ಕೇಳುತ್ತಿದ್ದಳು. ಕಡೆಗೆ ಹೇಗೋ ಪಾಸಾದೆ. ಈ ಸಲ ಪ್ಲಾಸ್ಟಿಕ್ ಬೇಡ, ಕಾಗದದ್ದೇ ಕೊಡಿ ಎಂದು ಹಟ ಹಿಡಿದು, ಹೆಸರು, ಸಹಿ, ಮೊಹರು ಇರುವ ಸರ್ಟಿಫಿಕೇಟು ತಂದೆ.

ಮಾವ ಎರಡು ಸಲ ಮೂಸಿದರು. "ಮೀನಿನ ವಾಸನೆ ಇಲ್ಲ."

"ಅಲ್ಲಿ ಮೀನು ಮುಟ್ಲಿಕ್ಕೆ ಇಲ್ಲ ಮಾವ. ನೋಡ್ಲಿಕ್ಕೆ ಮಾತ್ರ."

"ಮದುವೆಗೆ ಹೋಗಿ ಊಟ ಮಾಡದೆ ಬಂದದ್ದಾ? ಡಿಗ್ರಿಯ ಹತ್ತಿರ ಇದನ್ನು ಕೂರಿಸ್ಬೇಡ ಮಾರಾಯ್ತಿ. ಅದಕ್ಕೆ ಮರ್ಯಾದೆ ಉಂಟು."

ನಾನು ಸಿಟ್ಟಿನಲ್ಲಿ ವಿಡಿಯೋದಲ್ಲಿದ್ದ ಈಟಿ ಹಾರಿಸುವ ಗನ್ನು ತೋರಿಸಿ, ಅದಿದ್ದರೆ ಮೀನನ್ನೂ ತರುತ್ತೇನೆ ಎಂದೆ. ಮಾವ ಬಹಳ ಹೊತ್ತು ನೋಡಿದರು. ಮತ್ತೆ ಎದ್ದು ಅಡುಗೆಕೋಣೆಯ ಅಟ್ಟಕ್ಕೆ ಕೈಹಾಕಿ ಒಂದು ಬಿದಿರಿನ ಕೊಳವೆ ತೆಗೆದರು. ಅದರೊಳಗೆ ಮಸೆದು ಚೂಪು ಮಾಡಿದ ಕೊಡೆಯ ಕಡ್ಡಿ, ಹಿಂದೆ ಸೈಕಲ್ ಟ್ಯೂಬಿನ ರಬ್ಬರು. ಎಳೆದು ಬಿಟ್ಟರೆ ಕಡ್ಡಿ ಹಾರುತ್ತದೆ. "ನಿನ್ನ ಗನ್ನು ಇದೇ. ರಬ್ಬರು ಬದಲಿಸಿದ್ರೆ ಆಯ್ತು. ಮಳೆ ಹೋಗ್ಲಿ, ನೀರು ತಿಳಿಯಾಗ್ಲಿ, ನೋಡುವ."

ಮಳೆಗಾಲವಿಡೀ ಸರ್ಟಿಫಿಕೇಟು ಕಪಾಟಿನಲ್ಲಿ, ಮೊಳೆ ಗೋಡೆಯಲ್ಲಿ.

ಮೊನ್ನೆ ಶನಿವಾರ ನೀರು ತಿಳಿಯಾಗಿತ್ತು. ಮಧ್ಯಾಹ್ನ ಶಾಲೆಯಿಂದ ಬಂದವಳು ರಬ್ಬರ್ ಅಂಗಿ, ನೀರಿನ ಕನ್ನಡಕ, ಅಡಿಕೆಹಾಳೆಯಷ್ಟು ಉದ್ದದ ಕಾಲಿನ ರೆಕ್ಕೆ, ಎಲ್ಲ ಏರಿಸಿಕೊಂಡು ಹೊರಟೆ. ದಾರಿಯಲ್ಲಿ ಸಿಕ್ಕಿದವರು "ಎಲ್ಲಿಗೆ ಟೀಚರೇ?" ಎಂದು ಕೇಳಿದರು. ಮೀನಿಗೆ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೂ ಹೇಳಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಆದರೆ ನಾನು ಟೀಚರು. ಪ್ರಶ್ನೆ ಕೇಳಿದರೆ ಪೂರ್ತಿ ಉತ್ತರ ಕೊಡುವವಳು. ನದಿಯಲ್ಲಿ ದೋಣಿ ನಿಲ್ಲುವ ಕಡವಿಗೆ ತಲುಪುವಾಗ ನನ್ನ ಹಿಂದೆ ಏಳೆಂಟು ಮಂದಿ ಇದ್ದರು.

ಮಾವ ಬಂಡೆಯ ಮೇಲೆ ಕೂತಿದ್ದರು. ನಾನು ಮುಳುಗಿದೆ, ಗುಳ್ಳೆ ಬಿಟ್ಟೆ, ಮೀನುಗಳು ಓಡಿದವು. ಮತ್ತೆ ಮುಳುಗಿದೆ. ಮತ್ತೆ ಗುಳ್ಳೆ. ಆರನೆಯ ಸಲ ಮೇಲೆ ಬಂದಾಗ ಮಾವ ಕೇಳುತ್ತಿದ್ದ ಜನರಿಗೆ ವಿವರಿಸುತ್ತಿದ್ದರು. "ರಿಕ್ಷಾಕ್ಕೆ ಮೈಕ್ ಕಟ್ಟಿಕೊಂಡು ಹೋದ್ರೆ ಯಕ್ಷಗಾನದ ಆಟ ನೋಡುವ ಜನ ಬರ್ತಾರೆ. ಮೀನು ಬರ್ತದಾ?" ನನಗೆ, "ನಾಳೆ ಬೆಳಿಗ್ಗೆ ಬಾ. ಆ ರಬ್ಬರಿನ ಚರ್ಮ ಬೇಡ. ಯಾರಿಗೂ ಹೇಳ್ಬೇಡ. ನೀನು ಎಲ್ಲ ಮೊದಲೇ ಹೇಳುವುದು. ಗೋಡೆಗೂ ಹೇಳಿ ಬಂದಿದ್ದಿ," ಎಂದರು.

ಮೊಳೆಯನ್ನು ಅವರು ನೋಡಿಯೇ ಇದ್ದರು.

ಆದಿತ್ಯವಾರ ಲಲಿತಕ್ಕ ಹೋದ ಮೇಲೆ ಹಳೆಯ ಚೂಡಿದಾರದಲ್ಲಿ, ಕನ್ನಡಕ ಒಂದನ್ನೇ ಹಿಡಿದು ಕಡವಿಗೆ ಇಳಿದೆ. ಮಾವ ಕೊಳವೆ ಕೊಟ್ಟು ಹೇಳಿದರು. "ದೊಡ್ಡ ಕಲ್ಲಿನ ಅಡಿಯಲ್ಲಿ ಮುಗುಡು ಮೀನು ಉಂಟು. ಹೋಗಿ ಕಲ್ಲಿನ ಅಂಚು ಹಿಡಿದು ಸುಮ್ಮನೆ ಇರು. ಅದನ್ನು ನೋಡ್ಬೇಡ. ಬೇರೆ ಏನೋ ಕೆಲಸಕ್ಕೆ ಬಂದವಳ ಹಾಗೆ ಇರು."

ಇಳಿಯುವ ಮೊದಲು ನಾನು ಅಭ್ಯಾಸಬಲದಿಂದ ಮೂಗು ಹಿಡಿದು ಕಿವಿಗೆ ಗಾಳಿ ತಳ್ಳಿ ನೋಡಿಕೊಂಡೆ.

"ಅದು ಎಂಥದು, ಮೂಗು ಹಿಡಿಯುವುದು? ನನ್ನ ವಾಸನೆಯಾ?"

"ಅಲ್ಲ ಮಾವ, ಕಿವಿಗೆ. ಕೆಳಗೆ ಹೋದ ಹಾಗೆ ನೀರು ಕಿವಿಯ ತಮಟೆಯನ್ನು ಒತ್ತುತ್ತದೆ. ಮೂಗು ಹಿಡಿದು ಒಳಗಿಂದ ಸ್ವಲ್ಪ ಗಾಳಿ ತಳ್ಳಿದ್ರೆ ಒತ್ತಡ ಸರಿಹೋಗ್ತದೆ. ಇಲ್ಲದಿದ್ರೆ ತಮಟೆ ಒಡೆದು ಹೋಗ್ಬಹುದು."

ಹೇಳಿ ಮುಗಿಸುವಾಗ ನನಗೆ ನಾನೇ ಹೇಳಿದ್ದು ಕೇಳಿಸಿತು. ಮಾವ ಬಲಗಿವಿಯನ್ನು ನನ್ನ ಕಡೆಗೆ ತಿರುಗಿಸಿದರು. "ಇನ್ನೊಮ್ಮೆ ಹೇಳು."

ಹೇಳಿದೆ. ಅವರು ಎರಡು ಬೆರಳಿನಿಂದ ಮೂಗು ಹಿಡಿದು ತಾವೂ ಮಾಡಿ ನೋಡಿದರು.

"ಇಷ್ಟೇಯಾ?"

"ಇಷ್ಟೇ ಮಾವ."

ಅವರು ಮೂಗಿನಿಂದ ಬೆರಳು ತೆಗೆದರು. "ದೋಣಿಯಲ್ಲಿ ನಮಗೆ ಯಾರೂ ಹೇಳ್ಲಿಲ್ಲ."

ತಮಾಷೆಯ ಬಾಲವಿಲ್ಲದ ಮಾತನ್ನು ಮಾವನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ನನಗೆ ಇದು ಸ್ಕೂಬಾದ ಮೊದಲ ದಿನವೇ ಗೊತ್ತಾಗಿತ್ತು. ಕಾರ್ಡು ತೋರಿಸಲು ಓಡಿ ಬಂದವಳಿಗೆ ಇದನ್ನು ಹೇಳಬೇಕೆಂದು ಹೊಳೆಯಲಿಲ್ಲ. ಓದಿದವಳು ಎಂಬ ಜಂಬದಲ್ಲಿ ಕಾಗದ ತೋರಿಸುತ್ತಲೇ ಇದ್ದೆ, ಕಾಗದದಲ್ಲಿದ್ದದ್ದನ್ನು ಹೇಳಿರಲಿಲ್ಲ.

"ಹೋಗು ಮಗಾ," ಎಂದರು ಮಾವ. "ನಾನಿದ್ದೇನೆ."

ಹೋದೆ. ಕಲ್ಲಿನ ಅಂಚು ಹಿಡಿದೆ. ಬಾಯಿ ಬಿಗಿಯಾಗಿ ಮುಚ್ಚಿತ್ತು. ಸಾಧಿಸಬೇಕೆಂಬ ಆಸೆ ಆ ಹೊತ್ತಿಗೆ ಎಲ್ಲಿ ಹೋಗಿತ್ತೋ, ತಲೆಯಲ್ಲಿ ಇದ್ದದ್ದು ಚಾದ ಹೋಟೆಲಿನ ಬೆಂಚು, ಜಾಗ ಬದಲಿಸಿಕೊಳ್ಳುತ್ತಿದ್ದ ಆ ಗಂಡಸರು. ಒಂದು ಗುಳ್ಳೆಯೂ ಏಳಲಿಲ್ಲ. ಕಲ್ಲಿನ ಅಡಿಯಿಂದ ಮೊದಲು ಮೀಸೆ ಹೊರಗೆ ಬಂತು, ಆಮೇಲೆ ಮುಗುಡು. ನಾನು ಬೇರೆ ಏನೋ ಕೆಲಸಕ್ಕೆ ಬಂದವಳ ಹಾಗೆಯೇ ರಬ್ಬರು ಬಿಟ್ಟೆ.

ಮೇಲೆ ಬಂದಾಗ ಮಾವ ಸೊಂಟದವರೆಗೆ ನೀರಿಗೆ ಇಳಿದು ನಿಂತಿದ್ದರು. ಬಹಳ ಹೊತ್ತಾಯಿತೆಂದು ಬಂದದ್ದೋ, ಜಡೆ ಹಿಡಿಯಲು ಬಂದದ್ದೋ, ಕೇಳಲಿಲ್ಲ. ಕಡ್ಡಿಯಲ್ಲಿದ್ದ ಮೀನನ್ನು ನೋಡಿ, "ಮುಳ್ಳು ಉಂಟು, ಜಾಗ್ರತೆ," ಎಂದರು ಅಷ್ಟೇ.

ಅತ್ತೆಗೆ ಮುಗುಡು ಕೊಟ್ಟು ಇಬ್ಬರೂ ನಮ್ಮ ಮನೆಗೆ ಬಂದೆವು. ಅಂಗಳದಲ್ಲಿ ರಬ್ಬರ್ ಅಂಗಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಕೈತೊಳೆಯಲು ಚೊಂಬು ಎತ್ತಿದೆ.

"ತೊಳೀಬೇಡ. ಆ ಕಾಗದ ತಾ," ಎಂದರು ಮಾವ.

ಕಪಾಟಿನಿಂದ ಸರ್ಟಿಫಿಕೇಟು ತೆಗೆದು ಹಾಗೇ ಅವರ ಕೈಗೆ ಕೊಟ್ಟೆ. ಅಂಚಿನಲ್ಲಿ ನನ್ನ ಐದೂ ಬೆರಳಿನ ಗುರುತು ಬಿತ್ತು. ಮಾವ ಅದನ್ನು ಮೂಗಿಗೆ ಹಿಡಿದರು, ಬಹಳ ಹೊತ್ತು ಹಿಡಿದರು. ಆಮೇಲೆ ಗೋಡೆಯ ಮೊಳೆಯನ್ನು ಬೆರಳಿನಿಂದ ಅಲುಗಾಡಿಸಿ ಗಟ್ಟಿಯುಂಟಾ ಎಂದು ನೋಡಿ ಹೇಳಿದರು.

"ತೂಗುಹಾಕು. ಗಾಜು ಹಾಕ್ಬೇಡ, ವಾಸನೆ ಹೋಗ್ತದೆ."