ಸಂಜೆಯಾದರೆ ತೊದಲುವವನು

ತಿರುವಿನ ಕ್ಷೌರದಂಗಡಿಯವನಿಗೆ ಜನ ಇಟ್ಟ ಹೆಸರು ರೇಡಿಯೋ. ಕತ್ತರಿಗಿಂತ ಬಾಯಿ ಜೋರು. ಅವನ ಕುರ್ಚಿಯಲ್ಲಿ ಕೂತವರು ತಲೆ ಹಗುರ ಮಾಡಿಕೊಂಡು, ಕಿವಿ ಭರ್ತಿ ಮಾಡಿಕೊಂಡು ಏಳುತ್ತಿದ್ದರು. ಅಂಥವನ ಮಾತು ಸಂಜೆಯಾಗುತ್ತಲೇ ತೊದಲತೊಡಗಿತು. ರೆಪ್ಪೆಗಳು ಜೋತುಬೀಳುತ್ತಿದ್ದವು. ಬಾಚಣಿಗೆ ಎತ್ತಿದ ಕೈ ಅರ್ಧಕ್ಕೇ ಇಳಿಯುತ್ತಿತ್ತು. ಬೆಳಿಗ್ಗೆ ಎದ್ದರೆ ಮತ್ತೆ ಹುಲಿ!

ತೊದಲು ಮಾತು, ಅರೆಮುಚ್ಚಿದ ಕಣ್ಣು, ಅದೂ ಸಂಜೆ ಹೊತ್ತು. ಆಡಿಕೊಳ್ಳುವವರಿಗೆ ಇನ್ನೇನು ಬೇಕು? ‘ರೇಡಿಯೋ ಗುಂಡು ಹಾಕ್ತಾನಂತೆ’ ಎಂಬ ಸುದ್ದಿ ಬೀದಿಯೆಲ್ಲ ಸುತ್ತಿತು. ಗಿರಾಕಿಗಳು ಕಮ್ಮಿಯಾದರು. ಆದರೂ ಅವನಿಗೆ ಅಂಗಡಿಗಿಂತ ಅಮ್ಮನದೇ ಚಿಂತೆ. ಅಪ್ಪ ಕುಡಿದು ಕುಡಿದೇ ಸತ್ತವನು. ಮಗನಾದರೂ ಅದನ್ನು ಮುಟ್ಟಬಾರದೆಂದು ಅಮ್ಮ ಅಂದೇ ಆಣೆ ಹಾಕಿಸಿಕೊಂಡಿದ್ದಳು. ಪಾಪ, ಅವನು ಮುಟ್ಟಿಯೂ ಇರಲಿಲ್ಲ. ಈಗ ಅಮ್ಮ ದಿನಾ ಬಾಗಿಲಲ್ಲೇ ತಡೆದು ನಿಲ್ಲಿಸುತ್ತಿದ್ದಳು.

“ಎಲ್ಲಿ, ಬಾಯಿ ಬಿಡು. ಊದು.”

“ನಿನ್ನಾಣೆ ಕಣಮ್ಮ, ಕುಡಿದಿಲ್ಲ.”

“ನಿಮ್ಮಪ್ಪನೂ ಇದನ್ನೇ ಹೇಳ್ತಿದ್ದ. ವಾಸನೆ ಬರದ ಹಾಗೆ ಕುಡಿಯೋದೂ ಕಲಿತುಬಿಟ್ಯಾ?”

ಅವನು ಊಟ ಬಿಟ್ಟು ಮಲಗಿಬಿಡುತ್ತಿದ್ದ.

ಡಾಕ್ಟರ ಹತ್ತಿರ ಹೋಗದೆ ಇರಲಿಲ್ಲ. ಆದರೆ ಹೋಗುತ್ತಿದ್ದದ್ದು ಯಾವಾಗ? ವಾರದ ರಜೆಯ ದಿನ, ಬೆಳಿಗ್ಗೆ! ಗಿರಾಕಿಗಳು ಬರುವ ಸಂಜೆ ಹೊತ್ತಿನಲ್ಲಿ ಅಂಗಡಿ ಬಿಡುವ ಆಸಾಮಿಯೇ ಅಲ್ಲ. ಚೆನ್ನಾಗಿ ನಿದ್ದೆ ಮಾಡಿ, ಗಡ್ಡ ಕೆರೆದು, ಮೀಸೆ ತಿದ್ದಿಕೊಂಡು ಮದುವಣಿಗನ ಹಾಗೆ ಹೋಗಿ ಕೂರುತ್ತಿದ್ದ. ಡಾಕ್ಟರು ಕೈಕಾಲು ಒತ್ತಿ ನೋಡಿ, “ಗುಂಡುಕಲ್ಲಿನ ಹಾಗಿದ್ದೀರಲ್ರೀ! ಸುಮ್ನೆ ತಲೆ ಕೆಡಿಸ್ಕೋಬೇಡಿ” ಎಂದು ಶಕ್ತಿ ಮಾತ್ರೆ ಕೊಟ್ಟು ಕಳಿಸುತ್ತಿದ್ದರು. ಸಂಜೆ ಬರುವ ರೋಗವನ್ನು ಬೆಳಿಗ್ಗೆ ತೋರಿಸಿದರೆ ಅವರಾದರೂ ಏನು ಹುಡುಕಿಯಾರು? ಪುಣ್ಯಾತ್ಮನಿಗೆ ಅಷ್ಟೂ ಹೊಳೆಯಲಿಲ್ಲ.

ಒಂದು ಸಂಜೆ ಅಮ್ಮ ಅಂಗಡಿಗೇ ಬಂದಳು. ಮಗ ಒಂದು ಕೈಯಲ್ಲಿ ತನ್ನ ರೆಪ್ಪೆ ಎತ್ತಿ ಹಿಡಿದು ಇನ್ನೊಂದರಲ್ಲಿ ಕತ್ತಿ ಮಸೆಯುತ್ತಿದ್ದ. ಅದನ್ನು ಕಂಡ ಗಿರಾಕಿ ಕೆನ್ನೆಯ ಸೋಪಿನ ಸಮೇತ ಎದ್ದು ಓಟ ಕಿತ್ತ. ಅಮ್ಮ ಮಗನ ರಟ್ಟೆ ಹಿಡಿದಳು.

“ನಡಿ. ಇವತ್ತು ಡಾಕ್ಟರ ಮುಂದೇನೇ ಇತ್ಯರ್ಥ ಆಗ್ಲಿ.”

ಡಾಕ್ಟರ ಕೋಣೆಯೊಳಗೆ ಹೋದವಳೇ, “ಇವನು ಎಷ್ಟು ಕುಡಿದಿದ್ದಾನೆ, ನೋಡಿ ಹೇಳಿ ಡಾಕ್ಟ್ರೇ” ಎಂದಳು.

ಡಾಕ್ಟರು ತಲೆಯೆತ್ತಿ ಬೆಪ್ಪಾದರು. “ಬೆಳಿಗ್ಗೆ ಬರ್ತಿದ್ದೋರು ನೀವೇನಾ?”

ರೆಪ್ಪೆ ಬಡಿಯದೆ ಸೂರು ನೋಡುತ್ತಿರಲು ಅವನಿಗೆ ಹೇಳಿದರು. ರೆಪ್ಪೆಗಳು ಇನ್ನಷ್ಟು ಇಳಿದವು. ಬಟ್ಟೆಯಲ್ಲಿ ಸುತ್ತಿದ ಐಸನ್ನು ಒಂದು ಕಣ್ಣಿನ ಮೇಲಿಟ್ಟರು. ಸ್ವಲ್ಪ ಹೊತ್ತಿಗೆ ಆ ರೆಪ್ಪೆ ತಾನಾಗಿ ಮೇಲೆದ್ದಿತು! ಅಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು.

“ಇದು ಕುಡಿತ ಅಲ್ಲಮ್ಮ, ಸ್ನಾಯುಗಳು ಬೇಗ ಸೋಲೋ ಕಾಯಿಲೆ ಇರಬೇಕು. ರಕ್ತ ಪರೀಕ್ಷೆ ಮಾಡಿಸೋಣ.”

ಪರೀಕ್ಷೆಯ ಫಲಿತಾಂಶ ಬಂದ ಸಂಜೆ ಇಬ್ಬರೂ ಮತ್ತೆ ಹೋದರು. ಅದೇ ಕಾಯಿಲೆ. ಪೂರ್ತಿ ಹೋಗುವುದಿಲ್ಲ, ಆದರೆ ಮಾತ್ರೆಯಿದೆ, ನಡುನಡುವೆ ದಣಿವಾರಿಸಿಕೊಂಡು ಕೆಲಸ ಮಾಡಬಹುದು ಎಂದರು ಡಾಕ್ಟರು.

“ಕಾಯಿಲೆನಾ? ನಿಜವಾಗ್ಲೂ ಕಾಯಿಲೆನೇನಾ?” ಅಮ್ಮನ ಮುಖ ಅರಳಿತು. ಇಂಥ ತಾಯಿಯನ್ನು ಡಾಕ್ಟರು ಕಂಡಿರಲಿಕ್ಕಿಲ್ಲ.

ಬೀದಿಯುದ್ದಕ್ಕೂ ಎದುರು ಸಿಕ್ಕವರಿಗೆಲ್ಲ, “ನನ್ನ ಮಗನಿಗೆ ಕಾಯಿಲೆ ಕಣ್ರೀ!” ಎಂದು ಪರೀಕ್ಷೆ ಪಾಸಾದವನ ತಾಯಿಯ ಹಾಗೆ ಸಾರಿದಳು. ಮಗನಿಗೆ ನಗು ತಡೆಯಲಾಗಲಿಲ್ಲ. ಮನೆ ಬಾಗಿಲಿಗೆ ಬಂದಾಗ ಮಾತ್ರ ಅವಳ ಕಾಲು ನಿಂತಿತು.

“ಸುಸ್ತಾಗಿ ಬಂದವನನ್ನ ಇಲ್ಲೇ ನಿಲ್ಲಿಸಿ ಬೈದೆನಲ್ಲೋ” ಎಂದು ಅತ್ತುಬಿಟ್ಟಳು.

ಏನಾದರೂ ಹೇಳಿ ನಗಿಸೋಣವೆಂದು ಅವನು ಬಾಯಿ ತೆರೆದ. ಸಂಜೆಯಾಗಿತ್ತಲ್ಲ, ನಾಲಿಗೆ ಹೊರಳಲಿಲ್ಲ, ತೊದಲಿದ.

“ನಿಧಾನಕ್ಕೆ ಹೇಳಪ್ಪ, ನಂಗೇನು ಅವಸರ ಇಲ್ಲ” ಎಂದು ಅಮ್ಮ ಕಣ್ಣೊರೆಸಿಕೊಂಡು ಹೊಸ್ತಿಲ ಮೇಲೇ ಕೂತಳು.